ಮುದುರಿದ ಟೊಮೆಟೊ ಎಲೆ: ಹಳೆಯದೋ, ಹೊಸದೋ?

ಬೇಸಿಗೆ ಶುರುವಾದರೆ ಸಾಕು, ನನ್ನ ವಾಟ್ಸಾಪಿಗೆ ಟೊಮೆಟೊ ಎಲೆಗಳ ಫೋಟೊ ಬರತೊಡಗುತ್ತವೆ. ಪುಣೆಯ ಮೋಶಿ, ಭೋಸರಿ, ಚಿಂಚವಡ ಕಡೆ ಇರುವ ನಮ್ಮ ಕನ್ನಡದವರಿಗೆಲ್ಲ ನಾನು ಕೋಲಾರ ಜಿಲ್ಲೆಯವನು ಅಂತ ಗೊತ್ತು. ಕೋಲಾರದವನು ಅಂದ ಮೇಲೆ ಟೊಮೆಟೊ ಬಗ್ಗೆ ಗೊತ್ತಿರಲೇಬೇಕು ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪೇನಲ್ಲ. ಮುಳಬಾಗಿಲು ಹತ್ತಿರ ನಮ್ಮದೊಂದು ಸಣ್ಣ ತೋಟವಿದೆ, ಅಪ್ಪ ಈಗಲೂ ಟೊಮೆಟೊ ಹಾಕುತ್ತಾರೆ. ನಾನು ಚಾಕಣ್‌ನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮೋಶಿಯಲ್ಲಿ ಮನೆ. ಮೇಲೆ ಟೆರೇಸು, ಅಲ್ಲಿ ಒಂದಷ್ಟು ಗ್ರೋ ಬ್ಯಾಗು.

ಫೋಟೊ ಕಳಿಸುವವರಲ್ಲಿ 'ಏನಾಗಿದೆ?' ಅಂತ ಕೇಳುವವರು ಕಡಿಮೆ. 'ಏನು ಹೊಡೀಬೇಕು?' ಅಂತ ಕೇಳುವವರೇ ಜಾಸ್ತಿ. ನನಗೆ ತಕರಾರು ಇರುವುದೇ ಇಲ್ಲಿ. ಟೊಮೆಟೊ ಎಲೆ ಮುದುರಲು ಏಳೆಂಟು ಕಾರಣ ಇವೆ. ಅದರಲ್ಲಿ ಅರ್ಧಕ್ಕೆ ಔಷಧಿಯೇ ಬೇಕಿಲ್ಲ. ಇನ್ನೊಂದಕ್ಕೆ ಔಷಧಿಯೇ ಇಲ್ಲ. ಉಳಿದ ಒಂದೆರಡಕ್ಕೆ ಮಾತ್ರ ಏನಾದರೂ ಹೊಡೆದರೆ ಪ್ರಯೋಜನ. ಹಾಗಿರುವಾಗ ಎಲ್ಲದಕ್ಕೂ ಒಂದೇ ಬಾಟ್ಲಿ ಹಿಡಿದು ಹೊರಟರೆ ಹೇಗೆ?

ನಾನು ಮೊದಲು ಕೇಳುವುದು ಇಷ್ಟೇ: ಮುದುರಿರುವುದು ಕೆಳಗಿನ ಹಳೆ ಎಲೆಯೋ, ತುದಿಯ ಹೊಸ ಎಲೆಯೋ? ಮೇಲಕ್ಕೆ ಸುತ್ತಿಕೊಂಡಿದೆಯೋ, ಕೆಳಕ್ಕೆ ಬಾಗಿದೆಯೋ? ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಕೆಲಸ ಆದ ಹಾಗೆ. ಕಷ್ಟ ಏನೆಂದರೆ, ಫೋಟೊದಲ್ಲಿ ಒಂದೇ ಎಲೆ ಇರುತ್ತದೆ. ಅದನ್ನೂ ಕಿತ್ತು ಅಂಗೈ ಮೇಲಿಟ್ಟು ತೆಗೆದಿರುತ್ತಾರೆ. ಇಡೀ ಗಿಡದ ಫೋಟೊ ಕಳಿಸಿ ಅಂದರೆ 'ಯಾಕೆ ಬೇಕು?' ಅನ್ನುತ್ತಾರೆ.

ಹೋದ ಏಪ್ರಿಲ್‌ನಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಇರುವ ವಿಜಯಪುರದ ಅಕ್ಕ ಒಬ್ಬರು ಲಿಫ್ಟಿನ ಹತ್ತಿರ ಹಿಡಿದರು.

"ಅಣ್ಣಾ, ನಮ್ಮ ಟೊಮೆಟೊ ಎಲಿ ಎಲ್ಲಾ ಮುದುಡಿ ಕುಂತಾವ ನೋಡ್ರಿ. ಔಷಧ ಅಂಗಡಿಯಾಂವ ಎರಡು ಬಾಟ್ಲಿ ಕೊಟ್ಟಾನ. ಯಾವ್ದು ಮೊದಲ ಹೊಡೀಲಿ?"

"ಎರಡೂ ಬೇಡಿ ಅಕ್ಕ. ಮೊದಲು ನೋಡೋಣ ನಡೀರಿ."

ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿ. ಗಿಡ ಸೊಂಟದೆತ್ತರ ಬೆಳೆದಿದೆ. ಕೆಳಗಿನ ಎಲೆಗಳ ಎರಡೂ ಅಂಚು ಮೇಲಕ್ಕೆ ಎದ್ದು ನಡುನರದ ಮೇಲೆ ಬಂದು ಒಂದಕ್ಕೊಂದು ತಾಗುತ್ತಿವೆ, ಬಿಸಿಲಿಗಿಟ್ಟ ಹಪ್ಪಳ ಅಂಚು ಎತ್ತಿಕೊಳ್ಳುತ್ತದಲ್ಲ, ಹಾಗೆ. ಮುಟ್ಟಿದರೆ ದಪ್ಪ, ಗಟ್ಟಿ, ಸ್ವಲ್ಪ ಒರಟು. ಬಣ್ಣ ಮಾತ್ರ ಒಳ್ಳೆ ಹಸಿರು. ಹಳದಿ ಇಲ್ಲ, ಚುಕ್ಕೆ ಇಲ್ಲ. ಎಲೆ ತಿರುಗಿಸಿ ನೋಡಿದರೆ ಹುಳ ಇಲ್ಲ. ತುದಿಯ ಚಿಗುರು ಚೆನ್ನಾಗಿ ಬಿಚ್ಚಿಕೊಂಡಿದೆ, ಹೂವೂ ಇದೆ. ಆಮೇಲೆ ಪಕ್ಕಕ್ಕೆ ನೋಡಿದೆ. ಕುಂಡದ ಪಕ್ಕದಲ್ಲೇ ಎಸಿಯ ಹೊರಗಿನ ಡಬ್ಬ. ಮಧ್ಯಾಹ್ನ ಪೂರ್ತಿ ಅದರ ಬಿಸಿ ಗಾಳಿ ನೇರ ಗಿಡದ ಮೇಲೆ. ಜೊತೆಗೆ ಅಕ್ಕ ಯಾವುದೋ ವಿಡಿಯೊ ನೋಡಿ ಹಿಂದಿನ ವಾರ ಪಕ್ಕದ ಚಿಗುರನ್ನೆಲ್ಲ ಒಂದೇ ಸಲ ಚಿವುಟಿ ಹಾಕಿದ್ದರು.

ಇದಕ್ಕೆ ರೋಗ ಅನ್ನಲಾಗದು. ಬೇರು ಒದಗಿಸುವುದಕ್ಕಿಂತ ಬೇಗ ಎಲೆಯಿಂದ ನೀರು ಆರಿ ಹೋದರೆ, ಗಿಡ ತನ್ನ ಎಲೆಯನ್ನು ಸುತ್ತಿಕೊಂಡು ಬಿಸಿಲಿಗೆ ಒಡ್ಡುವ ಜಾಗ ಕಡಿಮೆ ಮಾಡಿಕೊಳ್ಳುತ್ತದೆ. ಟೊಮೆಟೊಗೆ 35 ಡಿಗ್ರಿ ದಾಟಿದರೆ ಕಷ್ಟ. ಏಪ್ರಿಲ್‌ನಲ್ಲಿ ಪುಣೆ 40ರ ಹತ್ತಿರ ಹೋಗುತ್ತದೆ. ಗಾಳಿಯಲ್ಲಿ ತೇವ ಅನ್ನುವುದೇ ಇರುವುದಿಲ್ಲ. ಮುಂಬೈಯವರಿಗೆ ಬೆವರಾದರೂ ಬರುತ್ತದೆ, ನಮಗಿಲ್ಲಿ ತುಟಿ ಒಡೆಯುತ್ತದೆ. ಇನ್ನು ಗೋಡೆ, ಟೈಲ್ಸು, ಗ್ರಿಲ್ಲು ಎಲ್ಲ ಸೇರಿ ಬಾಲ್ಕನಿಯಲ್ಲಿ ಹವಾಮಾನದ ಲೆಕ್ಕಕ್ಕಿಂತ ಜಾಸ್ತಿಯೇ ಕಾಯುತ್ತದೆ. ಒಂದೇ ಸಲ ಜಾಸ್ತಿ ಚಿಗುರು ಚಿವುಟಿದರೂ ಹೀಗೇ ಆಗುತ್ತದೆ. ಎಲೆ ತಯಾರಿಸಿದ ಸಕ್ಕರೆಗೆ ಹೋಗಲು ಜಾಗ ಸಿಗದೆ ಅಲ್ಲೇ ಉಳಿದು ಹಳೆ ಎಲೆ ದಪ್ಪಗಾಗಿ ಸುತ್ತಿಕೊಳ್ಳುತ್ತದೆ ಅನ್ನುತ್ತಾರೆ.

ಅಕ್ಕನಿಗೆ ಹೇಳಿದ್ದು ಹೆಚ್ಚೇನಿಲ್ಲ. ಕುಂಡವನ್ನು ಎಸಿ ಡಬ್ಬದಿಂದ ದೂರ ಇಡಿ. ಬೆಳಿಗ್ಗೆ ಹೊತ್ತು ನೀರು ಕುಂಡದ ತಳದಿಂದ ಹೊರಗೆ ಬರುವ ತನಕ ಹಾಕಿ, ಮಧ್ಯಾಹ್ನ ಚಿಮುಕಿಸಬೇಡಿ. ಹಸಿರು ನೆಟ್ ಇಲ್ಲದಿದ್ದರೆ ಹಳೆ ಕಾಟನ್ ಸೀರೆಯನ್ನು ಗ್ರಿಲ್ಲಿಗೆ ಕಟ್ಟಿ, ಮೂರು ಗಂಟೆಯ ಬಿಸಿಲು ತಡೆದರೆ ಸಾಕು. ಮಣ್ಣಿನ ಮೇಲೆ ಏನಾದರೂ ಹೊದಿಕೆ ಹಾಕಿ. ಇಲ್ಲಿ ಬೇಸಿಗೆಯಲ್ಲಿ ಮೂಲೆಗೊಂದು ಕಬ್ಬಿನ ಹಾಲಿನ ಅಂಗಡಿ ಇರುತ್ತದೆ, ರಸವಂತಿ ಅನ್ನುತ್ತಾರೆ. ಹಿಂಡಿದ ಸಿಪ್ಪೆಯನ್ನು ಕೇಳಿದರೆ ಚೀಲಗಟ್ಟಲೆ ಕೊಡುತ್ತಾರೆ. ಆದರೆ ಅದನ್ನು ಒಮ್ಮೆ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಹಾಕಬೇಕು. ಇಲ್ಲದಿದ್ದರೆ ಇರುವೆಗಳಿಗೆ ಹಬ್ಬ. ಇರುವೆ ಬಂದರೆ ಹಿಂದೆಯೇ ಗಿಡದ ರಸ ಹೀರುವ ಹೇನೂ ಬರುತ್ತದೆ.

"ಮುದುಡಿದ್ದು ಮತ್ತ ಬಿಚ್ಚತಾವೇನ್ರಿ?" ಅಂತ ಕೇಳಿದರು.

ಎಲ್ಲವೂ ಬಿಚ್ಚುವುದಿಲ್ಲ. ಕೆಲವು ಹಾಗೇ ಉಳಿದುಬಿಡುತ್ತವೆ. ಅದರಿಂದ ಕಾಯಿಗೆ ದೊಡ್ಡ ನಷ್ಟವೇನೂ ಇಲ್ಲ. ನೋಡಬೇಕಾದ್ದು ಮುಂದೆ ಬರುವ ಎಲೆ. ಅದು ಸಪಾಟಾಗಿದ್ದರೆ ಗಿಡ ಆರಾಮಾಗಿದೆ ಅಂತಲೇ ಅರ್ಥ. ಆ ಎರಡು ಬಾಟ್ಲಿ ಇನ್ನೂ ಸೀಲ್ ಒಡೆಯದೆ ಅವರ ಮನೆಯಲ್ಲಿವೆ.

ಇದೇ ಮಾತು ಮಳೆಗಾಲಕ್ಕೆ ತಿರುಗುಮುರುಗು. ಜುಲೈನಲ್ಲಿ ಎಲೆ ಕೆಳಕ್ಕೆ ಜೋತು ಬಾಗಿದರೆ 'ನೀರು ಸಾಲದು' ಅಂತ ಇನ್ನೊಂದು ಚೊಂಬು ಸುರಿಯುವವರಿದ್ದಾರೆ. ಮಣ್ಣಿಗೆ ಬೆರಳು ಹಾಕಿ ನೋಡಿ, ಎರಡು ಗೆಣ್ಣು ಒಳಗೆ ಹೋಗಬೇಕು. ಅಲ್ಲಿ ಕೆಸರಿದ್ದರೆ ಬೇರಿಗೆ ಉಸಿರಾಡಲು ಗಾಳಿ ಇಲ್ಲ ಅಂತ ಲೆಕ್ಕ. ನೀರಲ್ಲಿ ಮುಳುಗಿದ ಬೇರಿನಿಂದ ಎಥಿಲೀನ್ ಅನಿಲದ ಕಚ್ಚಾ ವಸ್ತು ಮೇಲಕ್ಕೆ ಹೋಗುತ್ತದೆ, ಎಲೆಯಲ್ಲಿ ಅದು ಎಥಿಲೀನ್ ಆಗಿ ತೊಟ್ಟನ್ನು ಕೆಳಕ್ಕೆ ಬಗ್ಗಿಸುತ್ತದೆ. ಬಾಳೆಹಣ್ಣನ್ನು ಮಾಗಿಸುತ್ತದಲ್ಲ, ಅದೇ ಎಥಿಲೀನ್. ಕುಂಡದ ಕೆಳಗಿನ ತಟ್ಟೆ ತೆಗೆಯಿರಿ, ತೂತು ಕಟ್ಟಿದ್ದರೆ ಕಡ್ಡಿ ಹಾಕಿ ಬಿಡಿಸಿ, ಎರಡು ಇಟ್ಟಿಗೆ ಮೇಲೆ ಎತ್ತಿಡಿ. ಮುಗೀತು.

ಗೊಬ್ಬರ ಜಾಸ್ತಿಯಾದರೆ ಗೊತ್ತಾಗುವುದು ಬಣ್ಣದಿಂದ. ಎಲೆ ಕಡು ಹಸಿರಾಗಿ ದಪ್ಪಗಾಗಿ ಕೆಳಕ್ಕೆ ಕೊಕ್ಕೆ ಹಾಕಿಕೊಂಡಿರುತ್ತದೆ, ಗಿಡ ಸೊಕ್ಕಿ ಬೆಳೆದಿರುತ್ತದೆ, ಹೂವು ಇರುವುದಿಲ್ಲ. ಯೂರಿಯಾ ನಿಲ್ಲಿಸಿದರೆ ತಾನೇ ಸರಿಹೋಗುತ್ತದೆ. ಈ ನಡುವೆ ಎಲ್ಲರೂ ಎಪ್ಸಮ್ ಸಾಲ್ಟ್ ಹಿಡಿದು ಕೂತಿದ್ದಾರೆ. ಅದು ಮೆಗ್ನೀಸಿಯಮ್ ಕೊರತೆಗೆ, ಅಂದರೆ ಹಳೆ ಎಲೆಯಲ್ಲಿ ನರ ಹಸಿರಾಗಿದ್ದು ಮಧ್ಯೆ ಹಳದಿಯಾಗುವುದಕ್ಕೆ. ಮುದುರಿದ ಎಲೆಗೂ ಅದಕ್ಕೂ ಸಂಬಂಧವಿಲ್ಲ.

ಈಗ ಹೊಸ ಎಲೆಯ ವಿಷಯ. ಇಲ್ಲಿ ನನ್ನ ದನಿ ಬದಲಾಗುತ್ತದೆ.

ತುದಿಯ ಎಲೆಗಳು ಸಣ್ಣಗಾಗಿ, ಸುಕ್ಕುಗಟ್ಟಿ, ಮೇಲಕ್ಕೆ ಮುದುರಿ, ಅಂಚು ಹಳದಿಗೆ ತಿರುಗಿದ್ದರೆ, ಗೆಣ್ಣಿಗೂ ಗೆಣ್ಣಿಗೂ ಅಂತರ ಕಡಿಮೆಯಾಗಿ ತುದಿ ಪೊದೆ ಕಟ್ಟಿದ್ದರೆ, ಬಂದ ಹೂವೆಲ್ಲ ಉದುರುತ್ತಿದ್ದರೆ, ಅದು ಮುಟುರು ರೋಗ. ಎಲೆ ಮುಟುರು ವೈರಸ್. ಇಲ್ಲಿನ ರೈತರು ಮೆಣಸಿನ ಗಿಡಕ್ಕೆ ಹೀಗಾದಾಗ 'ಚುರಡಾ ಮುರಡಾ' ಅನ್ನುತ್ತಾರೆ. ಇದನ್ನು ಹೊತ್ತು ತರುವುದು ಬಿಳಿನೊಣ. ಹೆಸರಿಗೆ ನೊಣ, ಗಾತ್ರ ಒಂದು ಮಿಲಿಮೀಟರ್. ಗಿಡವನ್ನು ಮೆಲ್ಲಗೆ ಅಲ್ಲಾಡಿಸಿದರೆ ಸುಣ್ಣದ ಪುಡಿ ಹಾರಿದಂತೆ ಎದ್ದು ಮತ್ತೆ ಎಲೆಯಡಿಗೆ ಹೋಗಿ ಕೂರುತ್ತದೆ. ಎಲೆ ತಿರುಗಿಸಿ ಫೋನಿನ ಕ್ಯಾಮೆರಾ ಹತ್ತಿರ ಹಿಡಿದರೆ ಮರಿಗಳೂ ಕಾಣುತ್ತವೆ. ಚಪ್ಪಟೆ, ತಿಳಿ ಹಳದಿ, ಅಲುಗಾಡದೆ ಅಂಟಿಕೊಂಡಿರುತ್ತವೆ.

ರೋಗ ಇರುವ ಗಿಡದ ರಸ ಕುಡಿದ ನೊಣ ವೈರಸ್ಸನ್ನು ಮೈಯಲ್ಲಿ ಇಟ್ಟುಕೊಂಡು ಇನ್ನೊಂದು ಗಿಡಕ್ಕೆ ಹೋಗಿ ಚುಚ್ಚುತ್ತದೆ. ಚುಚ್ಚಿದ ದಿನ ಏನೂ ಕಾಣುವುದಿಲ್ಲ. ಎರಡು ಮೂರು ವಾರ ಕಳೆದ ಮೇಲೆ ಎಲೆ ಮುದುರುತ್ತದೆ. ಆ ಹೊತ್ತಿಗೆ ನೊಣವನ್ನು ಕೊಂದರೂ ಗಿಡದೊಳಗಿನ ವೈರಸ್ಸಿಗೆ ಏನೂ ಆಗುವುದಿಲ್ಲ. 'ವೈರಸ್ ಔಷಧಿ' ಅಂತ ಅಂಗಡಿಯಲ್ಲಿ ಕೊಡುವ ಬಾಟ್ಲಿಗಳ ಬಗ್ಗೆ ನಾನು ಹೇಳುವುದು ಇಷ್ಟೇ: ರೋಗ ಹತ್ತಿದ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. ಕೀಳಬೇಕು.

ಕೀಳಿ ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಬೀಜದಿಂದ ಎಬ್ಬಿಸಿದ ಗಿಡ, ಮಗಳು ಹೆಸರಿಟ್ಟ ಗಿಡ, ಇನ್ನೇನು ಹೂ ಬಿಡಬೇಕಿತ್ತು, ಹೀಗೆ ನಡೆಯುತ್ತದೆ ಮಾತು. 'ಒಂದು ವಾರ ನೋಡೋಣ' ಅನ್ನುತ್ತಾರೆ. ಆ ಒಂದು ವಾರದಲ್ಲಿ ಆ ಗಿಡದ ಮೇಲೆ ಕೂತ ನೊಣ ಉಳಿದ ಕುಂಡಗಳನ್ನೆಲ್ಲ ಸುತ್ತಿ ಬರುತ್ತದೆ. ತೋಟದಲ್ಲಿ ಅಪ್ಪ ನಾಟಿ ಮಾಡಿದ ಮೊದಲ ತಿಂಗಳು ದಿನಾ ಬೆಳಿಗ್ಗೆ ಸಾಲಿನ ನಡುವೆ ನಡೆಯುತ್ತಾರೆ, ಕೈಯಲ್ಲಿ ಖಾಲಿ ಗೊಬ್ಬರದ ಚೀಲ. ಮುದುರಿದ ತುದಿ ಕಂಡರೆ ಮಾತಿಲ್ಲ, ಬೇರು ಸಮೇತ ಕಿತ್ತು ಚೀಲಕ್ಕೆ. ಅದೇನೂ ಕಟುಕತನ ಅಲ್ಲ. ಹೂವಿಗೆ ಮೊದಲೇ ರೋಗ ಬಂದ ಗಿಡದಲ್ಲಿ ಕಾಯಿ ಅಂತ ಹೇಳಿಕೊಳ್ಳುವಂಥದ್ದು ಏನೂ ಬರುವುದಿಲ್ಲ.

ಟೆರೇಸಿನಲ್ಲಾದರೆ ಹೀಗೆ ಮಾಡಿ. ಬೆಳಗಿನ ಜಾವ, ನೊಣ ಇನ್ನೂ ಚುರುಕಾಗದ ಹೊತ್ತಿನಲ್ಲಿ, ಗಿಡಕ್ಕೆ ಸೋಪಿನ ನೀರು ಚಿಮುಕಿಸಿ. ಮೇಲಿಂದ ಪ್ಲಾಸ್ಟಿಕ್ ಚೀಲ ಮುಚ್ಚಿ, ಆಮೇಲೆ ಕೀಳಿ. ಬಾಯಿ ಕಟ್ಟಿ ಎರಡು ದಿನ ಬಿಸಿಲಿಗಿಟ್ಟರೆ ಒಳಗಿದ್ದದ್ದೆಲ್ಲ ಸಾಯುತ್ತದೆ. ನಂತರ ಚೀಲದಿಂದ ಬಿಡಿಸಿ ಓಲಾ ಕಚ್ರಾಕ್ಕೆ, ಅಂದರೆ ಹಸಿ ಕಸಕ್ಕೆ ಹಾಕಿ. ಕುಂಡದ ಮಣ್ಣು ಎಸೆಯಬೇಕಿಲ್ಲ, ಈ ವೈರಸ್ ಮಣ್ಣಿನಿಂದ ಬರುವುದಿಲ್ಲ. ಗಿಡ ದೊಡ್ಡದಾಗಿ ಕಾಯಿ ಕಚ್ಚಿದ ಮೇಲೆ ರೋಗ ಬಂದಿದ್ದು, ಮನೆಯಲ್ಲಿ ಇರುವುದು ಅದೊಂದೇ ಟೊಮೆಟೊ ಗಿಡವಾದರೆ, ಇರುವ ಕಾಯಿ ಹಣ್ಣಾಗುವ ತನಕ ಬಿಡಬಹುದು. ಆ ಹಣ್ಣು ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ತಿನ್ನಿ. ಗಿಡದ ವೈರಸ್ ಮನುಷ್ಯರಿಗೆ ಬರುವುದಿಲ್ಲ.

ಈ ಕೊನೆಯ ಮಾತು 2020ರ ಮೇ ತಿಂಗಳಲ್ಲಿ ಸಾಕಷ್ಟು ಜನಕ್ಕೆ ಗೊತ್ತಿದ್ದಿದ್ದರೆ ಚೆನ್ನಾಗಿತ್ತು. ಚಾಕಣ್ ದಾಟಿ ನಾಶಿಕ್ ರಸ್ತೆಯಲ್ಲಿ ಹೋದರೆ ನಾರಾಯಣಗಾಂವ್ ಸಿಗುತ್ತದೆ, ಜುನ್ನರ್ ತಾಲೂಕು. ನಮಗೆ ಕೋಲಾರದ ಎಪಿಎಂಸಿ ಹೇಗೋ ಈ ಕಡೆಯವರಿಗೆ ಆ ಮಾರ್ಕೆಟ್ಟು. ನಮ್ಮಲ್ಲಿ 15 ಕಿಲೋ ಬಾಕ್ಸು, ಇವರಲ್ಲಿ 20 ಕಿಲೋ ಕ್ರೇಟು, ಅಷ್ಟೇ ವ್ಯತ್ಯಾಸ. ಆ ವರ್ಷ ಈ ಭಾಗದ ಟೊಮೆಟೊ ಬಣ್ಣ ಕೆಟ್ಟು ಅರ್ಧಂಬರ್ಧ ಹಣ್ಣಾಗತೊಡಗಿತು. ಲಾಕ್‌ಡೌನ್ ಬೇರೆ. ಜನ 'ತಿರಂಗಾ ವೈರಸ್' ಅಂತ ಹೆಸರಿಟ್ಟರು. ಟಿವಿಯಲ್ಲಿ ಅದು ಎಲ್ಲಿಂದ ಎಲ್ಲಿಗೋ ಹೋಗಿ, ಟೊಮೆಟೊ ತಿಂದರೆ ಏನೋ ಆಗುತ್ತದೆ ಅನ್ನುವ ತನಕ ಬಂತು. ಮಾದರಿಗಳು ಹೋದದ್ದು ನಮ್ಮ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಗೆ. ಅಲ್ಲಿ ಪರೀಕ್ಷೆ ಮಾಡಿ ನೋಡಿದರೆ, ಮುಖ್ಯವಾಗಿ ಸಿಕ್ಕಿದ್ದು ಸೌತೆಕಾಯಿ ಮೊಸಾಯಿಕ್ ವೈರಸ್. ಹೇನಿನಿಂದ ಹರಡುವ ಹಳೆಯ ಪರಿಚಯಸ್ಥ. ಮನುಷ್ಯರಿಗೆ ಏನೂ ಮಾಡುವುದಿಲ್ಲ. ಅಷ್ಟರೊಳಗೆ ರೈತರು ಅನುಭವಿಸಬೇಕಾದ್ದನ್ನು ಅನುಭವಿಸಿ ಆಗಿತ್ತು.

2023ರಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದ್ದು ನೆನಪಿದೆಯಲ್ವಾ? ಆಗ ಕೋಲಾರದ ಕಡೆ ಇಳುವರಿ ಬಿದ್ದುಹೋಗಿದ್ದಕ್ಕೆ ಇದೇ ಮುಟುರು ರೋಗವೂ ಒಂದು ಕಾರಣ. ಮಾರ್ಕೆಟ್ಟಲ್ಲಿ ಬೆಲೆ ಇದ್ದಾಗ ತೋಟದಲ್ಲಿ ಹಣ್ಣಿಲ್ಲ.

ಎಲೆ ಮುದುರಿಸುವ ಇನ್ನೂ ಕೆಲವರಿದ್ದಾರೆ. ನುಸಿ ಬಂದರೆ ಹೊಸ ಎಲೆ ಕೆಳಕ್ಕೆ ಮುದುರಿ, ಹಿಂಭಾಗ ಕಂದು ಬಣ್ಣಕ್ಕೆ ಹೊಳೆಯುತ್ತದೆ, ಮುರಿದರೆ ಪಟ್ಟನೆ ಮುರಿಯುತ್ತದೆ. ನುಸಿ ಬರಿಗಣ್ಣಿಗೆ ಕಾಣುವುದಿಲ್ಲ. ಪಕ್ಕದ ಮೆಣಸಿನ ಗಿಡಕ್ಕೂ ಹಾಗೇ ಆಗಿದ್ದರೆ ನುಸಿಯೇ ಅಂತ ಗುಮಾನಿ ಇಟ್ಟುಕೊಳ್ಳಿ. ಇದಕ್ಕೆ ಔಷಧಿ ಕೆಲಸ ಮಾಡುತ್ತದೆ: ನೀರಿನಲ್ಲಿ ಬೆರೆಯುವ ಗಂಧಕದ ಪುಡಿ, ಲೀಟರಿಗೆ 2ರಿಂದ 3 ಗ್ರಾಂ, ಸಂಜೆ ಹೊತ್ತು. ಕಡು ಬಿಸಿಲಿನ ದಿನಗಳಲ್ಲಿ ಬೇಡ, ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಗಂಧಕ.

ಇನ್ನೊಂದು ಇದೆ, ಅಪಾರ್ಟ್‌ಮೆಂಟ್ ಸೊಸೈಟಿಗಳಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಕೆಳಗೆ ಲಾನಿನಲ್ಲಿ ಕಳೆ ಸಾಯಲಿ ಅಂತ 2,4-ಡಿ ಹೊಡೆಸುತ್ತಾರೆ. ಗಾಳಿಗೆ ಅದರ ಹನಿ ತೇಲಿ ಬಂದರೆ ಸಾಕು, ಟೊಮೆಟೊ ತಡೆಯುವುದಿಲ್ಲ. ಹೊಸ ಎಲೆ ಸಣಕಲಾಗಿ ತಿರುಚಿ, ನರಗಳೆಲ್ಲ ಒತ್ತೊತ್ತಾಗಿ ಉದ್ದುದ್ದ ನಿಂತು, ಕಾಂಡವೂ ಸೊಟ್ಟಗಾಗುತ್ತದೆ. ವೈರಸ್ ಅಂದುಕೊಂಡು ಕಿತ್ತವರಿದ್ದಾರೆ. ಗುರುತಿಸುವುದು ಸುಲಭ. ವೈರಸ್ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬರುತ್ತದೆ. ಕಳೆನಾಶಕವಾದರೆ ಒಂದೇ ಸಾಲಿನ ಗಿಡಗಳೆಲ್ಲ ಒಂದೇ ವಾರದಲ್ಲಿ ತಿರುಚಿಕೊಳ್ಳುತ್ತವೆ. ಮೈಗೆ ಬಿದ್ದದ್ದು ಸ್ವಲ್ಪವೇ ಆದರೆ ಕೆಲ ವಾರಗಳ ಮೇಲೆ ಚಿಗುರು ನೆಟ್ಟಗೆ ಬರುತ್ತದೆ. ಊರಲ್ಲಿ ಒಬ್ಬರು ಕಳೆ ಔಷಧಿ ಹೊಡೆದ ಟ್ಯಾಂಕಿನಲ್ಲೇ ಹುಳದ ಔಷಧಿ ಬೆರೆಸಿ ಟೊಮೆಟೊಗೆ ಹೊಡೆದಿದ್ದರು. ತೋಟ ಪೂರ್ತಿ ತಿರುಚಿಕೊಂಡಿತ್ತು. ಆ ಟ್ಯಾಂಕು ಬೇರೆಯೇ ಇರಬೇಕು, ತೊಳೆದರೂ ನಂಬಬೇಡಿ.

ತಂಬಾಕು ತಿಕ್ಕುವವರು ಕೈ ತೊಳೆಯದೆ ಗಿಡ ಮುಟ್ಟಬಾರದು ಅಂತ ಅಪ್ಪ ಹೇಳುವುದು ಸುಮ್ನೆ ಅಲ್ಲ. ತಂಬಾಕಿನ ಮೊಸಾಯಿಕ್ ವೈರಸ್ ಒಣ ತಂಬಾಕಿನಲ್ಲೂ ಬದುಕಿರಬಲ್ಲದು. ಕೈಯಿಂದ ಟೊಮೆಟೊಗೆ ದಾಟಿದರೆ ಎಲೆ ಮಚ್ಚೆ ಮಚ್ಚೆಯಾಗಿ ಜರೀಗಿಡದ ಎಲೆ ಥರ ಸಪೂರಾಗುತ್ತದೆ. ನಮ್ಮ ಮಾಲಿ ಕಾಕಾ ಬಾಯಲ್ಲಿ ಸದಾ ತಂಬಾಕು-ಚುನಾ. ಟೆರೇಸಿಗೆ ಬಂದರೆ ಮೊದಲು ಸೋಪು ಕೊಡುತ್ತೇನೆ. ಬೈದುಕೊಂಡೇ ತೊಳೆಯುತ್ತಾರೆ.

ಬಿಳಿನೊಣಕ್ಕೆ ನಾನು ಮಾಡುವುದೇನು ಅಂದರೆ, ಗಿಡ ಚಿಕ್ಕದಿದ್ದಾಗಲೇ ಕಾಯುವುದು. ನರ್ಸರಿಯಿಂದ ಸಸಿ ತರುವಾಗಲೇ ನೊಣ ಜೊತೆಗೆ ಬರುತ್ತದೆ. ಹಡಪ್‌ಸರ್ ಕಡೆಯ ನರ್ಸರಿಗಳಿಗೆ ಹೋದಾಗ ನೋಡಿ, ಸಸಿಯ ಚೆಂದ ನೋಡಿ ಬುಟ್ಟಿಗೆ ಹಾಕುತ್ತೇವೆಯೇ ಹೊರತು ಎಲೆ ತಿರುಗಿಸಿ ನೋಡುವುದಿಲ್ಲ. ತಿರುಗಿಸಿ. ಮನೆಯಲ್ಲೇ ಸಸಿ ಮಾಡುವುದಾದರೆ ಟ್ರೇ ಮೇಲೆ ತೆಳು ಮಲ್ ಬಟ್ಟೆ ಹೊದಿಸಿ. ಸೊಳ್ಳೆ ಪರದೆ ಸಾಲದು, ಅದರ ಕಣ್ಣಿನಲ್ಲಿ ಬಿಳಿನೊಣ ಆರಾಮಾಗಿ ನುಗ್ಗುತ್ತದೆ. ನಾಟಿ ಮಾಡಿದ ಮೇಲೆ ಹಳದಿ ಅಂಟು ಹಾಳೆ ಗಿಡದ ತುದಿಯ ಎತ್ತರಕ್ಕೆ ಕಟ್ಟುತ್ತೇನೆ, ಹಳದಿ ರಟ್ಟಿಗೆ ಹರಳೆಣ್ಣೆ ಸವರಿದರೂ ಆಗುತ್ತದೆ. ನೊಣ ಅಂಟತೊಡಗಿದರೆ ಬೇವಿನ ಎಣ್ಣೆ, ಲೀಟರಿಗೆ 5 ಮಿಲಿ, ಎರಡು ಹನಿ ಸೋಪು ಸೇರಿಸಿ, ಸಂಜೆ, ಎಲೆಯ ಕೆಳಭಾಗಕ್ಕೆ. ಮೇಲಿಂದ ಹೊಡೆದರೆ ಎಲೆ ಹೊಳೆಯುತ್ತದೆ ಅಷ್ಟೇ. ತೋಟದಲ್ಲಿ ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟು ಹಾಸುವುದೂ ಇದಕ್ಕೇ. ಅದರ ಪ್ರತಿಫಲನಕ್ಕೆ ನೊಣ ದಿಕ್ಕು ತಪ್ಪುತ್ತದೆ.

ತಳಿಯ ಮಾತು ಬಂದರೆ, ಅದೇ ಹೆಸರಘಟ್ಟದ ಸಂಸ್ಥೆಯ ಅರ್ಕಾ ರಕ್ಷಕ್ ನನಗೆ ಹಿಡಿಸಿದೆ. ಎಲೆ ಮುಟುರು ವೈರಸ್, ದುಂಡಾಣು ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ, ಮೂರನ್ನೂ ತಡೆಯುವ ಹೈಬ್ರಿಡ್. ತಡೆಯುತ್ತದೆ ಅಂದರೆ ಬರುವುದೇ ಇಲ್ಲ ಅಂತಲ್ಲ, ಬಂದರೂ ಗಿಡ ಬಗ್ಗುವುದಿಲ್ಲ, ಕಾಯಿ ಕೊಡುತ್ತದೆ. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ತೆಗೆದಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ಹೊಸ ಪ್ಯಾಕೆಟ್ ತರಬೇಕು. ರುಚಿಗೆ ನಾಟಿ ಟೊಮೆಟೊನೇ ಬೇಕು ಅನ್ನುವವರು ನಾಟಿಯೇ ಹಾಕಿ, ಸಾರಿಗೆ ಅದರ ಹುಳಿಯೇ ಬೇರೆ. ಅಮ್ಮ ಈಗಲೂ ಹೈಬ್ರಿಡ್ ಮುಟ್ಟುವುದಿಲ್ಲ, 'ಅದೇನು ಟಮಾಟನಾ, ರಬ್ಬರ್ರಾ' ಅನ್ನುತ್ತಾರೆ.

ಪುಣೆಯಲ್ಲಿ ಟೆರೇಸಿಗೆ ಒಳ್ಳೆ ಕಾಲ ಅಂದರೆ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ, ದೀಪಾವಳಿ ಹೊತ್ತಿಗೆ ಕುಂಡಕ್ಕೆ ನಾಟಿ ಮಾಡುವುದು. ಹಣ್ಣು ಚಳಿಯಲ್ಲಿ ಸಿಗುತ್ತದೆ, ಬೇಸಿಗೆ ಏರುವ ಮೊದಲೇ ಗಿಡದ ಕೆಲಸ ಮುಗಿದಿರುತ್ತದೆ. ಮಾರ್ಚಿನಲ್ಲಿ ನಾಟಿ ಮಾಡಿ ಮೇನಲ್ಲಿ ಎಲೆ ಫೋಟೊ ಕಳಿಸುವವರಿಗೆ ಈ ವರ್ಷವೂ ಅದೇ ಉತ್ತರ ಕೊಡುತ್ತೇನೆ. ಫೋಟೊ ಕಳಿಸುವಾಗ ದಯವಿಟ್ಟು ಇಡೀ ಗಿಡ, ತುದಿ ಹತ್ತಿರದಿಂದ ಒಂದು, ಎಲೆಯ ಹಿಂಭಾಗ ಒಂದು. ಎಸಿ ಡಬ್ಬ ಪಕ್ಕದಲ್ಲಿದ್ದರೆ ಅದೂ ಫೋಟೊದಲ್ಲಿ ಬರಲಿ.